ಹಳೇ ಕ್ಯಾರವಾನ್ ಟ್ರೇಲರನ್ನು ಘಟ್ಟ ಇಳಿಸಿ ಮನೆಗೆ ತರುವುದು: ಕಾಸರಗೋಡಿನವರಿಗೆ ಸಮಗ್ರ ಮಾರ್ಗದರ್ಶಿ

ಕಾರಿನ ಹಿಂದೆ ಕಟ್ಟಿ ಎಳೆಯುವ, ಒಳಗೆ ಮಂಚವೂ ಅಡುಗೆಕಟ್ಟೆಯೂ ಇರುವ ಹಳೇ ಕಾಲದ ಕ್ಯಾರವಾನ್ ನಮ್ಮ ಕಡೆ ಅಪರೂಪ. ಸಿಕ್ಕಿದರೂ ಹೆಚ್ಚಾಗಿ ಘಟ್ಟದ ಮೇಲೆಯೇ ಸಿಕ್ಕೀತು: ನೀಲಗಿರಿಯ ಯಾವುದೋ ಎಸ್ಟೇಟಿನ ಶೆಡ್ಡಿನಲ್ಲಿ, ಹೊಸೂರಿನ ಒಂದು ಹಿತ್ತಿಲಲ್ಲಿ, ಬೆಂಗಳೂರಿನ ಹಳೇ ಬಂಗ್ಲೆಯ ಹಿಂದೆ. ಅಂದರೆ ಕುಂಬಳೆಗೋ ಬದಿಯಡ್ಕಕ್ಕೋ ತರಬೇಕಾದವರು ಅದನ್ನು ಒಂಬೈನೂರು, ಸಾವಿರ ಮೀಟರ್ ಎತ್ತರದಿಂದ ಕಡಲಮಟ್ಟಕ್ಕೆ ಇಳಿಸಬೇಕು. ವರ್ಷಗಟ್ಟಲೆ ಅಲುಗದೆ ನಿಂತ ಬಂಡಿಗೆ ಮೊದಲ ಓಟವೇ ಎಲ್ಲಕ್ಕಿಂತ ಕಷ್ಟದ ಓಟ. ಪೇಂಟು, ಕುಶನ್, ಕಿಟಕಿಯ ಪರದೆ ಎಲ್ಲ ಮನೆಗೆ ಬಂದ ಮೇಲೆ. ಬಂಡಿ ಸಿಕ್ಕಿದ ಜಾಗದಲ್ಲಿ ಆಗಬೇಕಾದದ್ದು ಚಕ್ರ, ಕಪ್ಲಿಂಗ್ (ಟ್ರೇಲರನ್ನು ಗಾಡಿಗೆ ಸೇರಿಸುವ ಕೊಂಡಿ), ಬ್ರೇಕ್, ಲೈಟು ಮಾತ್ರ.

ಎರಡು ಸಲ ಹೋಗಿ

ನೋಡಲು ಹೋದ ದಿನವೇ ಎಳೆದುಕೊಂಡು ಬರಬೇಡಿ. ಮೊದಲ ಸಲ ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ. ಗಾಡಿ ತೆಗೆದುಕೊಂಡು ಹೋದರೆ ಬರಿಗೈಯಲ್ಲಿ ಬರಲು ಮನಸ್ಸಾಗುವುದಿಲ್ಲ, ಕಣ್ಣು ತಪ್ಪುಗಳನ್ನು ಮನ್ನಿಸುತ್ತದೆ. ಆ ದಿನ ಬೇಕಾದದ್ದು ಒಂದು ಟಾರ್ಚ್, ಟೇಪು, ವರ್ನಿಯರ್ ಕ್ಯಾಲಿಪರ್, ತೆಳ್ಳಗಿನ ಸ್ಕ್ರೂ ಡ್ರೈವರ್, ವೈರ್ ಬ್ರಷ್, ಸಣ್ಣ ಸುತ್ತಿಗೆ, ಪೆನ್ಸಿಲು, ಬಿಳಿ ಕಾಗದ, ಮೊಬೈಲು. ಅಳತೆ, ನಂಬರು, ಫೋಟೋ ತೆಗೆದುಕೊಂಡು ಊರಿಗೆ ಬನ್ನಿ. ಸಾಮಾನು ಹೊಂದಿಸಿಕೊಂಡು ಎರಡನೇ ಸಲ ಹೋಗಿ. ಅಲ್ಲಿ ಒಂದು ಇಡೀ ಹಗಲು ಕೆಲಸ, ರಾತ್ರಿ ನಿದ್ದೆ, ಮರುದಿನ ಬೆಳಕು ಹರಿಯುವಾಗ ಹೊರಡುವುದು. ಕೆಲಸದ ದಿನ ಸಂಜೆಯೇ ಹೊರಟವರು ಘಟ್ಟದ ತುದಿಗೆ ಕತ್ತಲಲ್ಲಿ ಮುಟ್ಟುತ್ತಾರೆ.

ಕಾಗದ ಮೊದಲು

ಕಾನೂನಿನ ಲೆಕ್ಕದಲ್ಲಿ ಟ್ರೇಲರ್ ಕೂಡ ವಾಹನವೇ. ಅದಕ್ಕೆ ಬೇರೆಯೇ ನೋಂದಣಿ, ಬೇರೆಯೇ ನಂಬರು ಬೇಕು. ಎಳೆಯುವ ಗಾಡಿಯ ಆರ್‌ಸಿ ಸಾಲದು. ಸ್ವಂತ ಬಳಕೆಯ ಕ್ಯಾರವಾನನ್ನು ಸರಕು ಟ್ರೇಲರಿನ ಸಾಲಿಗೆ ಸೇರಿಸಿದ್ದಾರೋ, ಖಾಸಗಿ ಎಂದು ಬರೆದಿದ್ದಾರೋ ಎಂಬುದನ್ನು ಆರ್‌ಸಿಯಲ್ಲಿ ಓದಿ ನೋಡಿ. ತೆರಿಗೆ, ಫಿಟ್‌ನೆಸ್ ಎಲ್ಲ ಅದನ್ನು ಹಿಡಿದೇ ನಡೆಯುತ್ತದೆ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಹಳೇ ಟ್ರೇಲರುಗಳಲ್ಲಿ ಇದು ತಪ್ಪಿಹೋಗಿರುವುದೇ ಹೆಚ್ಚು. 50 ವರ್ಷ ದಾಟಿದ ವಾಹನಗಳಿಗಾಗಿ 2021ರಲ್ಲಿ ಬಂದ ವಿಂಟೇಜ್ ನಿಯಮ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳ ಲೆಕ್ಕದಲ್ಲಿ ಬರೆದದ್ದು. ಎಳೆಯುವ ಟ್ರೇಲರಿಗೆ ಅದರ ನೆರಳು ಸಿಗುತ್ತದೆ ಎಂದು ನಂಬಿ ದುಡ್ಡು ಕೊಡಬೇಡಿ.

ತಮಿಳುನಾಡಿನಿಂದಲೋ ಕರ್ನಾಟಕದಿಂದಲೋ ಕೇರಳಕ್ಕೆ ತರುವಾಗ ಮಾರುವವರ ಕಡೆಯ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ಬೇಕು, ಅದರ ಅರ್ಜಿ ಫಾರ್ಮ್ 28. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಬೇರೆ ರಾಜ್ಯದ ವಾಹನವಾದರೆ ಮಾರಿದವರು 45 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಇಲ್ಲಿ ಹೊಸ ನಂಬರಿಗೆ ಫಾರ್ಮ್ 27. 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಅದು ಕಡ್ಡಾಯ. ವಿದ್ಯಾನಗರದ ಸಿವಿಲ್ ಸ್ಟೇಷನಿನ ಆರ್‌ಟಿಒಗೆ ಹೋಗುವಾಗ ಮಾರಾಟಪತ್ರದ ಒಂದು ಇಂಗ್ಲಿಷ್ ಪ್ರತಿ ಕೈಯಲ್ಲಿರಲಿ. ತಮಿಳಿನಲ್ಲಿ ಬರೆದ ಒಪ್ಪಂದವನ್ನು ಮಲಯಾಳದ ಕಚೇರಿಯಲ್ಲಿ ಕನ್ನಡದಲ್ಲಿ ವಿವರಿಸುವ ಫಜೀತಿ ಯಾರಿಗೂ ಬೇಡ.

ಚಾಸಿ ನಂಬರನ್ನು ಕಣ್ಣಲ್ಲಿ ಓದಿದರೆ ಸಾಲದು. ಸಾಮಾನ್ಯವಾಗಿ ಅದು ಮೂತಿಯ, ಅಂದರೆ ಟ್ರೇಲರಿನ ಮುಂತುದಿಯ, ತ್ರಿಕೋನದ ಕಬ್ಬಿಣದ ಮೇಲೋ, ಬಾಗಿಲ ಪಕ್ಕದ ತಗಡಿನ ಮೇಲೋ ಇರುತ್ತದೆ. ವೈರ್ ಬ್ರಷ್‌ನಿಂದ ತಿಕ್ಕಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಆರ್‌ಸಿಯೊಂದಿಗೆ ಒಂದು ಅಕ್ಷರ ತಾಳೆಯಾಗದಿದ್ದರೂ ಅಲ್ಲಿಗೇ ನಿಲ್ಲಿಸಿ.

ಆರ್‌ಸಿಯೇ ಇಲ್ಲ, ಯಾರೋ ವೆಲ್ಡಿಂಗ್ ಶಾಪಿನಲ್ಲಿ ಕಟ್ಟಿಸಿದ್ದು ಎಂದಾದರೆ ರಸ್ತೆಯ ಆಸೆ ಬಿಡಿ. ಲಾರಿಯ ಮೇಲೆ ಹೇರಿ ತಂದು ತೋಟದ ಕೊಠಡಿ ಮಾಡಿಕೊಳ್ಳಬಹುದು. ಬೆಲೆಯೂ ಆ ಲೆಕ್ಕದಲ್ಲೇ ಇರಲಿ.

ಮರ, ತಗಡು, ಕಬ್ಬಿಣ

ಹಳೇ ಕ್ಯಾರವಾನ್ ಎಂದರೆ ಮರದ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ತೆಳ್ಳಗಿನ ಹಾರ್ಡ್‌ಬೋರ್ಡು. ನೀರು ಸೇರುವುದು ಮೂಲೆಯ ಪಟ್ಟಿಗಳ ಸ್ಕ್ರೂ ತೂತುಗಳಿಂದ, ಕಿಟಕಿಯ ಮೇಲಂಚಿನಿಂದ, ಮಾಡಿನ ಗಾಳಿಕಿಂಡಿಯಿಂದ. ಹೊರಗಿನಿಂದ ಏನೂ ಕಾಣಿಸದು. ಒಳಗೆ ಹೋಗಿ ಬಾಗಿಲು ಮುಚ್ಚಿ ಎರಡು ನಿಮಿಷ ನಿಲ್ಲಿ. ಮಳೆಗಾಲದಲ್ಲಿ ಬೀರು ತೆಗೆದಾಗ ಬರುವ ಮುಗ್ಗಲು ವಾಸನೆ ಬಂದರೆ ಎಲ್ಲೋ ಮರ ಕೊಳೆತಿದೆ. ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ. ಬೋರ್ಡು ಒಳಗೆ ಹೋದಲ್ಲಿ ಸ್ಕ್ರೂ ಡ್ರೈವರಿನ ತುದಿ ತಾಗಿಸಿ. ಗಟ್ಟಿ ಮರ ತಡೆಯುತ್ತದೆ, ಕೊಳೆತದ್ದು ಕೇಕಿನಂತೆ ಒಳಗೆ ಬಿಡುತ್ತದೆ. ನೆಲದ ಹಲಗೆಯನ್ನು ಕೆಳಗಿನಿಂದಲೂ ನೋಡಿ. ಗೆದ್ದಲಿನ ಮಣ್ಣುಗೆರೆ ಚಕ್ರದ ಮೂಲಕ ಹತ್ತಿರುತ್ತದೆ.

ಸ್ವಲ್ಪ ಕೊಳೆತರೆ ಖರೀದಿ ಬಿಡಬೇಕಾಗಿಲ್ಲ, ನಮ್ಮೂರ ಬಡಗಿಗಳಿಗೆ ಅದು ದೊಡ್ಡ ಕೆಲಸವಲ್ಲ. ಆದರೆ ಗೋಡೆಯನ್ನು ನೆಲಕ್ಕೆ ಹಿಡಿದಿಟ್ಟ ಮರವೇ ಕೊಳೆತಿದ್ದರೆ ಓಡುವಾಗ ಪೆಟ್ಟಿಗೆ ಚಾಸಿಯ ಮೇಲೆ ಓಲಾಡುತ್ತದೆ. ಅಂಥದ್ದು ಲಾರಿಯ ಮೇಲೆ ಬರಲಿ.

ಚಾಸಿಯಲ್ಲಿ ನೋಡಬೇಕಾದ್ದು ಮೂರು ಕಡೆ. ಮೂತಿಯ ತ್ರಿಕೋನ ಪೆಟ್ಟಿಗೆಯ ಅಡಿಗೆ ಸೇರುವಲ್ಲಿ ವೆಲ್ಡಿಂಗ್ ಬಿರುಕು. ಆಕ್ಸಲ್ ಕೂರುವಲ್ಲಿ ಪದರಪದರವಾಗಿ ಏಳುವ ತುಕ್ಕು. ಲೀಫ್ ಸ್ಪ್ರಿಂಗಿನ ಶೇಕಲ್ (ತೂಗುಕೊಂಡಿ) ಮತ್ತು ಯು ಬೋಲ್ಟು. ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಣ್ಣಿನ ಮಡಕೆಯಂತೆ ಡಬ್ ಎನ್ನುತ್ತದೆ.

ಬಾಗಿಲು ಯಾವ ಬದಿಗಿದೆ? ಸ್ಪ್ರೈಟ್, ಎಕಲ್ಸ್‌ನಂಥ ಬ್ರಿಟಿಷ್ ಕ್ಯಾರವಾನುಗಳಿಗೆ ಬಾಗಿಲು ಎಡಬದಿಯಲ್ಲಿ. ಅವರೂ ನಮ್ಮಂತೆ ಎಡಕ್ಕೆ ಓಡಿಸುವವರು. ಯುರೋಪ್ ಖಂಡದ್ದೋ ಅಮೆರಿಕದ್ದೋ ಆದರೆ ಬಾಗಿಲು ಬಲಕ್ಕೆ, ಅಂದರೆ ನಮ್ಮಲ್ಲಿ ಲಾರಿಗಳು ಹಾಯುವ ಬದಿಗೆ ತೆರೆಯುತ್ತದೆ. ಮಕ್ಕಳಿರುವ ಮನೆಯವರು ಇದನ್ನು ಯೋಚಿಸಿಯೇ ಮಾತು ಮುಗಿಸಲಿ.

ಎಳೆಯುವ ಗಾಡಿ

ಗಾಡಿಯ ಕೈಪಿಡಿಯಲ್ಲಿ ಎಷ್ಟು ಕಿಲೋ ಎಳೆಯಬಹುದು ಎಂದು ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ, ಎಳೆಯಬೇಡಿ ಎಂದೇ ಇದ್ದರೆ, ಲಾರಿ ಗೊತ್ತು ಮಾಡಿ. ಬ್ರಿಟನ್ನಿನಲ್ಲಿ ಹೊಸಬರಿಗೆ ಹೇಳುವ ಲೆಕ್ಕ, ಟ್ರೇಲರಿನ ತೂಕ ಗಾಡಿಯ ಖಾಲಿ ತೂಕದ ಶೇ. 85 ಮೀರಬಾರದು ಎಂದು. ಘಟ್ಟ ಇಳಿಸುವವರಿಗೆ ಅದು ಹೆಚ್ಚಾಯಿತು, ಶೇ. 60ಕ್ಕೆ ನಿಲ್ಲಿಸಿ. 1,600 ಕಿಲೋದ ಜೀಪಿಗೆ ಸುಮಾರು 950 ಕಿಲೋ. ಸಣ್ಣ ಕಾರಿನಲ್ಲಿ ಎಳೆಯುವ ಮಾತು ಬೇಡ: ಎಳೆದೀತು, ನಿಲ್ಲಿಸಲಾರದು.

ಟೋ ಬಾರನ್ನು, ಅಂದರೆ ಗಾಡಿಯ ಹಿಂದೆ ಟ್ರೇಲರ್ ಕಟ್ಟುವ ಕಬ್ಬಿಣವನ್ನು, ಚಾಸಿಗೆ ಬೋಲ್ಟ್ ಮಾಡಿಸಬೇಕು, ಬಂಪರಿಗಲ್ಲ. ಬೋಲ್ಟು 8.8 ಗ್ರೇಡಿನದ್ದು, ನಟ್ಟು ತಾನಾಗಿ ಸಡಿಲವಾಗದ ನೈಲಾಕ್. ಬಾಲಿನ, ಅಂದರೆ ಕಪ್ಲಿಂಗ್ ಕೂರುವ ಕಬ್ಬಿಣದ ಗುಂಡಿನ, ನಡುಮಟ್ಟ ನೆಲದಿಂದ 40 ಸೆಂಟಿಮೀಟರ್ ಆಸುಪಾಸಿನಲ್ಲಿರಲಿ. ಜೀಪಿನ ಹಿಂಭಾಗ ಎತ್ತರ ಇರುವುದರಿಂದ ಕೆಳಕ್ಕೆ ಇಳಿಯುವ ಪ್ಲೇಟು ಹಾಕಿಸಬೇಕಾದೀತು. ಮೂತಿ ಮೇಲಕ್ಕೆತ್ತಿ ನಿಂತ ಟ್ರೇಲರಿನಲ್ಲಿ ಭಾರ ಹಿಂದಕ್ಕೆ ಜಾರುತ್ತದೆ, ಆಮೇಲೆ ಬಾಲ ಬೀಸುತ್ತದೆ.

ಬಾಲಿನ ಗಾತ್ರದಲ್ಲಿ ಮೋಸ ಹೋಗುವವರು ಬಹಳ. ಈಗ ಸಿಗುವುದು 50 ಮಿಲಿಮೀಟರಿನದ್ದು. ಹಳೇ ಕಪ್ಲಿಂಗು 2 ಇಂಚಿನದ್ದಾದರೆ, ಅಂದರೆ 50.8 ಮಿಲಿಮೀಟರಾದರೆ, ಅದರ ಮೇಲೆ ಸಡಿಲವಾಗಿ ಕೂರುತ್ತದೆ, ಅದಕ್ಕೆ ತಕ್ಕ ಗಾತ್ರದ ಬಾಲೇ ಬೇಕು. ಇನ್ನು 50ರ ಕಪ್ಲಿಂಗನ್ನು 1 7/8 ಇಂಚಿನ ಬಾಲಿನ ಮೇಲೆ ಕೂರಿಸಿದರೆ ಸರಿಯಾಗಿ ಕೂತಂತೆ ಕಂಡು ರಸ್ತೆಯ ಮೊದಲ ಉಬ್ಬಿಗೆ ಮೇಲಕ್ಕೆ ಹಾರುತ್ತದೆ. ವರ್ನಿಯರಿನಿಂದ ಅಳೆಯಿರಿ. ಸವೆದು 49 ಮಿಲಿಮೀಟರಿಗಿಂತ ಕಡಮೆಯಾದ ಬಾಲನ್ನು ಗುಜರಿಗೆ ಕೊಡಿ.

ಬೇರಿಂಗ್: ಇಲ್ಲಿ ಅವಸರ ಬೇಡ

ನಡುದಾರಿಯಲ್ಲಿ ಚಕ್ರ ಕಳಚಿ ತೋಡಿಗೆ ಉರುಳುವುದು ಬೇರಿಂಗಿನಿಂದಲೇ. ವರ್ಷಗಟ್ಟಲೆ ನಿಂತಲ್ಲಿ ಗ್ರೀಸು ಒಣಗಿ ಬೆಲ್ಲದ ಪಾಕದಂತೆ ಗಟ್ಟಿಯಾಗಿರುತ್ತದೆ, ಕೆಳಗಿನ ರೋಲರುಗಳು ಒಂದೇ ಜಾಗಕ್ಕೆ ಒತ್ತಿ ಅಲ್ಲೇ ತುಕ್ಕು ಹಿಡಿದಿರುತ್ತದೆ. ಮೊದಲ ಭೇಟಿಯಲ್ಲೇ, ಜಾಕೂ ಪಾನೆಯೂ ಅಲ್ಲಿ ಸಿಕ್ಕಿದರೆ, ಒಂದು ಚಕ್ರ ಬಿಚ್ಚಿ ಬೇರಿಂಗಿನ ಮೇಲೆ ಕೆತ್ತಿದ ನಂಬರು ಬರೆದುಕೊಂಡರೆ ಮಂಗಳೂರಿನಲ್ಲಿ ಹುಡುಕಬಹುದು. ಇಂಚಿನ ಅಳತೆಯದ್ದಾದರೆ ತರಿಸಿಕೊಡಲು ಅಂಗಡಿಯವರು ವಾರ ಕೇಳಿಯಾರು. ಎರಡು ಚಕ್ರಕ್ಕೆ ಒಳಗಿನದ್ದು ಎರಡು, ಹೊರಗಿನದ್ದು ಎರಡು, ಎಣ್ಣೆ ಸೀಲು ಎರಡು, ನಟ್ಟು ತಿರುಗದಂತೆ ತಡೆಯುವ ಸ್ಪ್ಲಿಟ್ ಪಿನ್ ನಾಲ್ಕು, ಎಪಿ3 ಗ್ರೀಸು ಅರ್ಧ ಕಿಲೋ, ಸೀಮೆಎಣ್ಣೆಯೋ ಡೀಸೆಲೋ ಒಂದು ಲೀಟರ್.

ಬಂಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಇನ್ನೊಂದು ಚಕ್ರಕ್ಕೆ ಎರಡೂ ಬದಿಯಿಂದ ಮರದ ಬೆಣೆ ಕೊಡಿ. ಚಕ್ರದ ನಟ್ಟನ್ನು ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿ. ಊರಿನಲ್ಲೇ ಜೀಪಿನ ಆಕ್ಸಲ್ ಹಾಕಿ ಕಟ್ಟಿದ ಟ್ರೇಲರಾದರೆ ಎಡಬದಿಯ ಬೋಲ್ಟುಗಳ ಥ್ರೆಡ್ ಎಡಕ್ಕಿರಬಹುದು, ಹಳೇ ವಿಲ್ಲೀಸ್ ಜೀಪುಗಳಲ್ಲಿ ಹಾಗೆಯೇ. ಅದು ಗೊತ್ತಿಲ್ಲದೆ ಪೈಪು ಸೇರಿಸಿ ಒತ್ತಿದರೆ ಬೋಲ್ಟೇ ಮುರಿಯುತ್ತದೆ. ಜಾಕ್ ಕೊಡಬೇಕಾದ್ದು ಆಕ್ಸಲಿನ ಅಡಿಗೆ. ಟ್ರೇಲರಿನ ನಾಲ್ಕು ಮೂಲೆಗಳಲ್ಲಿ ಮಡಚುವ ಕಾಲುಗಳಿರುತ್ತವಲ್ಲ, ಅವು ಅಲುಗಾಟ ತಡೆಯಲಿಕ್ಕೆ, ಭಾರ ಎತ್ತಲಿಕ್ಕಲ್ಲ.

ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ತಿರುಗಿಸಿ ಕಿವಿಗೊಡಿ. ಒರಳಿನಲ್ಲಿ ಒಣ ಅಕ್ಕಿ ಅರೆದ ಸದ್ದು ಬಂದರೆ ಬೇರಿಂಗ್ ಹೋಗಿದೆ. ಧೂಳುಮುಚ್ಚಳ ಎಬ್ಬಿಸಿ, ಸ್ಪ್ಲಿಟ್ ಪಿನ್ ಎಳೆದು, ಕಿರೀಟದಂಥ ನಟ್ಟು ಬಿಚ್ಚಿ ಬ್ರೇಕ್ ಡ್ರಮ್ಮನ್ನು ಮುಂದಕ್ಕೆಳೆಯಿರಿ. ಹೊರಬೇರಿಂಗ್ ಕೈಗೇ ಬರುತ್ತದೆ, ಮಣ್ಣಿಗೆ ಬೀಳಿಸಬೇಡಿ. ಸೀಮೆಎಣ್ಣೆಯಲ್ಲಿ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಒರಸಿ, ಬೆಳಕಿಗೆ ಹಿಡಿದು ನೋಡಿ. ರೋಲರಿನಲ್ಲಿ ಗುಳಿ, ನೀಲಿ ಬಣ್ಣ, ಉದ್ದಗೆರೆ ಕಂಡರೆ ಬದಲಿಸುವುದೇ. ಬದಲಿಸುವಾಗ ಡ್ರಮ್ಮಿನೊಳಗೆ ಕೂತ ಹೊರಬಳೆಯನ್ನೂ ಹಿತ್ತಾಳೆ ಸಲಾಕೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿ ಹೊರತೆಗೆಯಬೇಕು. ಹಳೇ ಬಳೆಗೆ ಹೊಸ ರೋಲರು ಕೂರಿಸಿದರೆ ಬೇಗನೆ ಅದೂ ಹಾಳು.

ಗ್ರೀಸು ತುಂಬುವುದು ಮೇಲಿನಿಂದ ಬಳಿಯುವ ಕೆಲಸವಲ್ಲ. ಅಂಗೈಯಲ್ಲಿ ನಿಂಬೆಯಷ್ಟು ಗ್ರೀಸು ಇಟ್ಟು ಬೇರಿಂಗಿನ ಅಗಲದ ಅಂಚನ್ನು ಅದಕ್ಕೆ ಒತ್ತಿ ಒತ್ತಿ ತಳ್ಳಿ. ರೋಲರುಗಳ ನಡುವಿನಿಂದ ಇನ್ನೊಂದು ಬದಿಗೆ ಸಣ್ಣ ಸಣ್ಣ ಹುಳಗಳಂತೆ ಗ್ರೀಸು ಇಣುಕಿದಾಗ ಅಷ್ಟು ಭಾಗ ತುಂಬಿತು. ಹಾಗೆಯೇ ಸುತ್ತಲೂ. ಕೂರಿಸಿದ ಮೇಲೆ ಡ್ರಮ್ಮನ್ನು ತಿರುಗಿಸುತ್ತಲೇ ನಟ್ಟು ಬಿಗಿಯಿರಿ. ತಿರುಗುವುದು ಭಾರವಾದಾಗ ಸಡಿಲಿಸಿ, ಮತ್ತೆ ಬರೇ ಬೆರಳಿನಿಂದ ಎಷ್ಟು ಬರುತ್ತದೋ ಅಷ್ಟೇ ಬಿಗಿದು, ತೂತಿಗೆ ತಾಳೆಯಾಗುವಲ್ಲಿ ಹೊಸ ಸ್ಪ್ಲಿಟ್ ಪಿನ್ ಹಾಕಿ. ಹಳೇ ಪಿನ್ನನ್ನು ನೆಟ್ಟಗೆ ಮಾಡಿ ಹಾಕುವುದು ಎರಡು ರೂಪಾಯಿಯ ಜಿಪುಣತನ. ಹೆಚ್ಚು ಬಿಗಿದ ಬೇರಿಂಗ್ ಸುಡುತ್ತದೆ, ಹೆಚ್ಚು ಸಡಿಲಾದದ್ದು ಸೀಲು ಹರಿಯುತ್ತದೆ.

ಟೈರು

ಟೈರಿನ ಹೂವು, ಅಂದರೆ ನೆಲ ಹಿಡಿಯುವ ಗೀರುಗಳು, ಚೆನ್ನಾಗಿದೆ ಎಂದು ಮಾರುವವರು ತೋರಿಸುತ್ತಾರೆ. ಟ್ರೇಲರಿನ ಟೈರು ಸವೆದು ಸಾಯುವುದಿಲ್ಲ, ನಿಂತು ಸಾಯುತ್ತದೆ. ಬದಿಗೋಡೆಯಲ್ಲಿ ನಾಲ್ಕು ಅಂಕಿ ಹುಡುಕಿ: 2317 ಎಂದಿದ್ದರೆ 2017ರ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕೆ ಮುಂಚಿನದು, ಕೈಯಿಂದಲೂ ಮುಟ್ಟಬೇಡಿ. ಆರು ವರ್ಷ ದಾಟಿದ್ದಕ್ಕೆ, ಬದಿಯಲ್ಲಿ ಕೂದಲೆಳೆಯ ಬಿರುಕು ಬಂದದ್ದಕ್ಕೆ ಹೊಸದೇ ಬೇಕು, ಸ್ಟೆಪ್ನಿ ಸೇರಿ ಮೂರು. ತೂಕ ಹೊರುವ ಅಂಕಿ ಟ್ರೇಲರಿಗೆ ಸಾಕೇ ಎಂದು ಅಂಗಡಿಯಲ್ಲೇ ಕೇಳಿ. ಮೆತ್ತಗಿರಲಿ ಎಂದು ಗಾಳಿ ಕಡಮೆ ಬಿಟ್ಟರೆ ಬದಿಗೋಡೆ ಮಡಚಿ ಬಿಸಿಯಾಗಿ ಒಡೆಯುತ್ತದೆ.

ಬ್ರೇಕು, ಸರಪಳಿ

ಹಳೇ ಬ್ರಿಟಿಷ್ ಟ್ರೇಲರುಗಳಲ್ಲಿ ಹೆಚ್ಚಾಗಿ ತಳ್ಳುಬ್ರೇಕು. ಮುಂದಿನ ಗಾಡಿ ನಿಧಾನಿಸಿದಾಗ ಟ್ರೇಲರ್ ಅದನ್ನು ಹಿಂದಿನಿಂದ ಒತ್ತುತ್ತದೆ, ಕಪ್ಲಿಂಗಿನ ಕೊಳವೆ ಒಳಗೆ ಸರಿಯುತ್ತದೆ, ಆ ಸರಿತ ರಾಡು ಕೇಬಲ್ಲುಗಳ ಮೂಲಕ ಡ್ರಮ್ಮಿಗೆ ಹೋಗುತ್ತದೆ. ಕೊಳವೆ ತುಕ್ಕು ಹಿಡಿದಿದ್ದರೆ ಬ್ರೇಕು ಇಲ್ಲವೆಂದೇ ಲೆಕ್ಕ. ಕೊಳವೆಯ ರಬ್ಬರು ಸರಿಸಿ, ಗ್ರೀಸು ಕೊಟ್ಟು, ಕೈಯಿಂದ ಒತ್ತಿದಾಗ ಒಳಗೆ ಹೋಗಿ ಮೆಲ್ಲಗೆ ಹೊರಬರುತ್ತದೆಯೇ ನೋಡಿ. ಡ್ರಮ್ಮಿಗೆ ಅಂಟಿದ ಬ್ರೇಕ್ ಶೂಗಳನ್ನು ಡ್ರಮ್ಮಿನ ಅಂಚಿಗೆ ಮರದ ಸುತ್ತಿಗೆಯಿಂದ ಸುತ್ತಲೂ ಬಡಿದು ಬಿಡಿಸಿ. ಹ್ಯಾಂಡ್‌ಬ್ರೇಕ್ ಹಾಕಿದಾಗ ಎರಡೂ ಚಕ್ರ ಒಟ್ಟಿಗೆ ಹಿಡಿಯಬೇಕು. ಒಂದೇ ಹಿಡಿದರೆ ಘಟ್ಟದಲ್ಲಿ ಟ್ರೇಲರ್ ಓರೆಯಾಗುತ್ತದೆ. ಇಂಥ ಬ್ರೇಕು ಇರುವ ಹಳೇ ಟ್ರೇಲರ್ ರಿವರ್ಸಿನಲ್ಲಿಯೂ ಹಿಡಿದುಕೊಳ್ಳುತ್ತದೆ, ಅದನ್ನು ತಡೆಯಲು ಕಪ್ಲಿಂಗಿನ ಬಳಿ ಒಂದು ಸಣ್ಣ ಲಿವರ್ ಇರುತ್ತದೆ. ಮುಂದೆ ಹೊರಡುವಾಗ ಅದು ಕೆಳಗೆ ಬಿದ್ದು ತಡೆ ತೆರವಾಗಿದೆಯೇ ನೋಡಿಕೊಳ್ಳಿ.

ಬ್ರೇಕು ಕೆಲಸ ಮಾಡದ ಟ್ರೇಲರನ್ನು ಸಮತಟ್ಟಿನಲ್ಲಿ ಹೇಗೋ ತಂದಾರು, ಘಟ್ಟದಲ್ಲಿ ಬೇಡ. ಇದರಲ್ಲಿ ರಾಜಿಯಿಲ್ಲ.

ಸುರಕ್ಷತೆಗೆ 8 ಮಿಲಿಮೀಟರಿನ ಎರಡು ಸರಪಳಿ, ಡಿ ಶೇಕಲ್ (ಡಿ ಆಕಾರದ ಕೊಂಡಿ) ಸಮೇತ. ಕಪ್ಲಿಂಗಿನ ಅಡಿಯಲ್ಲಿ ಗುಣಾಕಾರದ ಗುರುತಿನಂತೆ ಹಾಯಿಸಿ ಕಟ್ಟಿ. ಕಪ್ಲಿಂಗ್ ಕಳಚಿದರೂ ಮೂತಿ ರಸ್ತೆಗೆ ಚುಚ್ಚಿಕೊಳ್ಳದೆ ಸರಪಳಿಯ ತೊಟ್ಟಿಲಿನಲ್ಲಿ ನಿಲ್ಲುತ್ತದೆ. ತಿರುವಿಗೆ ಬೇಕಾದಷ್ಟು ಸಡಿಲ ಇರಲಿ, ನೆಲಕ್ಕೆ ತಾಗುವಷ್ಟಲ್ಲ.

ಲೈಟು

ಹಳೇ ವೈರು ಮುಟ್ಟಿದರೆ ಪುಡಿಯಾಗುತ್ತದೆ, ರಿಪೇರಿಗೆ ಕೂರಬೇಡಿ. ಏಳು ಎಳೆಯ ಹೊಸ ಕೇಬಲ್ಲನ್ನು ಟ್ರೇಲರಿನ ಉದ್ದಕ್ಕಿಂತ ಎರಡು ಮೀಟರ್ ಹೆಚ್ಚು ತಂದು ಅಡಿಯಲ್ಲೇ ಎಳೆದು ಕಟ್ಟಿ. ಏಳು ಪಿನ್ನಿನ ಸಾಕೆಟ್ಟಿನಲ್ಲಿ ರೂಢಿಯ ಕ್ರಮ ಹೀಗೆ: 1 ಹಳದಿ, ಎಡ ಇಂಡಿಕೇಟರ್, 2 ನೀಲಿ, ಹಿಂದಿನ ಮಂಜುದೀಪ, 3 ಬಿಳಿ, ಅರ್ಥ್, 4 ಹಸಿರು, ಬಲ ಇಂಡಿಕೇಟರ್, 5 ಕಂದು, ಬಲದ ಹಿಂದೀಪ, 6 ಕೆಂಪು, ಬ್ರೇಕು, 7 ಕಪ್ಪು, ಎಡದ ಹಿಂದೀಪ ಮತ್ತು ನಂಬರ್ ಪ್ಲೇಟು. ಇಂಡಿಕೇಟರ್ ಹಾಕಿದಾಗ ಎಲ್ಲ ದೀಪಗಳೂ ಮಂಕಾಗಿ ಮಿನುಗಿದರೆ ನೂರಕ್ಕೆ ತೊಂಬತ್ತು ಪಾಲು ಅರ್ಥ್ ಸರಿಯಿಲ್ಲ. ಬಿಳಿ ವೈರನ್ನು ಪ್ರತಿ ದೀಪಕ್ಕೂ ಎಳೆಯಿರಿ, ತುಕ್ಕಿನ ಚಾಸಿಯನ್ನು ನಂಬಬೇಡಿ. ಹಳೇ ಗಾಡಿಯಲ್ಲಿ ಎರಡು 21 ವಾಟಿನ ಬಲ್ಬು ಹೆಚ್ಚಾದಾಗ ಇಂಡಿಕೇಟರಿನ ತಾಳ ತಪ್ಪುತ್ತದೆ, ಫ್ಲಾಷರ್ ಬದಲಿಸಿದರೆ ಸರಿಯಾಗುತ್ತದೆ. ಹಿಂದೆ ಎರಡು ಕೆಂಪು ರಿಫ್ಲೆಕ್ಟರ್, ಬದಿಗೆ ಹಳದಿ ಪಟ್ಟಿ ಅಂಟಿಸಿ.

ಮುಂಭಾರ

ಎತ್ತಿನ ಗಾಡಿಗೆ ಸೊಪ್ಪು ಹೇರಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಿಂಭಾರವಾದರೆ ನೊಗ ಎತ್ತಿನ ಕೊರಳು ಬಿಟ್ಟು ಮೇಲೇಳುತ್ತದೆ, ಮುಂಭಾರ ಹೆಚ್ಚಾದರೆ ಎತ್ತು ಮಂಡಿಯೂರುತ್ತದೆ. ಟ್ರೇಲರಿಗೂ ಅದೇ. ಒಟ್ಟು ತೂಕದ ಶೇ. 7ರ ಆಸುಪಾಸು ಬಾಲಿನ ಮೇಲೆ ಕೂರಬೇಕು: 700 ಕಿಲೋದ್ದಕ್ಕೆ ಸುಮಾರು 50 ಕಿಲೋ. ಗಾಡಿಯ ಟೋ ಬಾರಿಗೆ ಇದಕ್ಕಿಂತ ಕಡಮೆ ಮಿತಿ ಬರೆದಿದ್ದರೆ ಅದೇ ಅಂತಿಮ.

ಒಟ್ಟು ತೂಕವನ್ನು ಲಾರಿ ತೂಗುವ ವೇಬ್ರಿಡ್ಜಿನಲ್ಲಿ ನೋಡಿ. ಮುಂಭಾರಕ್ಕೆ ಅದು ಆಗದು, ಐದು ಹತ್ತು ಕಿಲೋದ ವ್ಯತ್ಯಾಸ ಅದಕ್ಕೆ ಲೆಕ್ಕಕ್ಕೇ ಇಲ್ಲ. ಮನೆಯಲ್ಲಿ ಮೈತೂಕ ನೋಡುವ ಯಂತ್ರ ಸಾಕು. ಅದರ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಅಡಕೆಸಲಾಕೆಯ ಗಟ್ಟಿ ತುಂಡು. ಕಪ್ಲಿಂಗ್ ಅದರ ಮೇಲೆ ಕೂತಾಗ ಬಾಲಿನ ಎತ್ತರಕ್ಕೇ ಬರುವಂತೆ ಕೊಯ್ಯಿರಿ. ಚಕ್ರಕ್ಕೆ ಬೆಣೆ ಕೊಟ್ಟು ಮೂತಿಯ ಪುಟ್ಟ ಚಕ್ರ ಮೇಲೆತ್ತಿ, ಮುಳ್ಳು ಓದಿ. ಕಡಮೆ ಬಂದರೆ ಸ್ಟೆಪ್ನಿ, ಜಾಕ್, ಸಾಮಾನಿನ ಪೆಟ್ಟಿಗೆಯನ್ನು ಆಕ್ಸಲಿನಿಂದ ತುಸು ಮುಂದಕ್ಕೆ ನೆಲದಲ್ಲೇ ಇಟ್ಟು ಕಟ್ಟಿ. ಹಿಂದಿನ ಗೋಡೆಗೆ ಏನನ್ನೂ ಒರಗಿಸಬೇಡಿ.

ದಾರಿ ಯಾವುದು?

ಹೊಸೂರು, ಬೆಂಗಳೂರು ಕಡೆಯಿಂದ ಬರುವವರಿಗೆ ಶಿರಾಡಿಯೇ ವಾಸಿ. ಹಾಸನ, ಸಕಲೇಶಪುರ, ಮಾರನಹಳ್ಳಿ, ಗುಂಡ್ಯ, ಉಪ್ಪಿನಂಗಡಿ, ಮಾಣಿ. ಕಲ್ಲಡ್ಕದಲ್ಲಿ ಎಡಕ್ಕೆ ತಿರುಗಿದರೆ ವಿಟ್ಲ, ಅಡ್ಯನಡ್ಕ, ಪೆರ್ಲ, ಬದಿಯಡ್ಕ. ಮಂಜೇಶ್ವರ, ಉಪ್ಪಳದವರು ನೇರ ಮಂಗಳೂರಿಗೆ ಹೋಗಿ ತಲಪಾಡಿ ಹಿಡಿಯಲಿ. ನೀಲಗಿರಿಯಿಂದಾದರೆ ಗೂಡಲೂರು, ಬಂಡೀಪುರ, ಗುಂಡ್ಲುಪೇಟೆ, ಮೈಸೂರು, ಮಡಿಕೇರಿ, ಸಂಪಾಜೆ, ಸುಳ್ಯ, ಜಾಲ್ಸೂರು, ಮುಳ್ಳೇರಿಯ, ಚೆರ್ಕಳ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಗೇಟು ಮುಚ್ಚಿರುತ್ತದೆ, ನಡುವೆ ನಿಲ್ಲಿಸುವಂತಿಲ್ಲ. ಆದ್ದರಿಂದ ಕಾಡು ಹೊಗುವ ಮುಂಚೆಯೇ ಚಕ್ರ ಮುಟ್ಟಿ ನೋಡಿಕೊಳ್ಳಿ. ನೀಲಗಿರಿಗೆ 2024ರ ಮೇ ತಿಂಗಳಿಂದ ಇ-ಪಾಸ್ (ಆನ್‌ಲೈನಿನಲ್ಲಿ ಪಡೆಯುವ ಪ್ರವೇಶಪತ್ರ) ಬಂದಿದೆ. ಊಟಿಯಿಂದ ಮಸಿನಗುಡಿಗೆ ಇಳಿಯುವ 36 ಹೇರ್‌ಪಿನ್ನಿನ ಕಲ್ಹಟ್ಟಿ ದಾರಿಯ ಯೋಚನೆಯನ್ನೇ ಮಾಡಬೇಡಿ. ಚಾರ್ಮಾಡಿ, ಆಗುಂಬೆಯ ತಿರುವುಗಳೂ ಟ್ರೇಲರಿಗೆ ಹೇಳಿದ್ದಲ್ಲ.

ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೆಲಸ ಬೇಡ. 2018ರಲ್ಲಿ ಜೋಡುಪಾಲದ ಗುಡ್ಡೆ ಜಾರಿದ್ದು ನೆನಪಿರಬಹುದು. ಶಿರಾಡಿಯ ದೊಡ್ಡತಪ್ಪಲು ಕೂಡ ಮಳೆಗೆ ಕುಸಿಯುವ ಜಾಗ. ಡಿಸೆಂಬರಿನಿಂದ ಮಾರ್ಚ್ ಒಳ್ಳೆಯದು.

ಹೊರಡುವುದು, ಓಡಿಸುವುದು

ಕಪ್ಲಿಂಗ್ ಕೂರಿಸಿದ ಮೇಲೆ ಮೂತಿಯ ಪುಟ್ಟ ಚಕ್ರವನ್ನು ಕೆಳಕ್ಕೆ ತಿರುಗಿಸುತ್ತಾ ಹೋಗಿ. ಗಾಡಿಯ ಹಿಂಭಾಗ ಎರಡು ಬೆರಳು ಮೇಲೆ ಬಂದರೂ ಕಳಚಲಿಲ್ಲ ಎಂದಾದರೆ ಬೀಗ ಸರಿಯಾಗಿ ಕೂತಿದೆ. ಆಮೇಲೆ ಆ ಚಕ್ರವನ್ನು ಪೂರ್ತಿ ಮೇಲೆತ್ತಿ ಬಿಗಿಯಿರಿ. ಮೂಲೆಯ ನಾಲ್ಕು ಕಾಲು ಮೇಲೆ, ಹ್ಯಾಂಡ್‌ಬ್ರೇಕ್ ಕೆಳಗೆ, ಗಾಳಿಕಿಂಡಿ ಮುಚ್ಚಿ ಟೇಪು, ಬಾಗಿಲಿಗೆ ಬೀಗ ಮತ್ತು ರಾಚೆಟ್ ಬೆಲ್ಟು. ಗ್ಯಾಸ್ ಸಿಲಿಂಡರ್ ಇದ್ದರೆ ಅಲ್ಲೇ ಬಿಟ್ಟುಬಿಡಿ. ಓಡುವ ಟ್ರೇಲರಿನೊಳಗೆ ಯಾರೂ ಕೂರಬಾರದು, ಮಕ್ಕಳು ಎಷ್ಟೇ ಹಟ ಮಾಡಲಿ.

ಮೊದಲ ಹತ್ತು ಕಿಲೋಮೀಟರಿಗೆ ನಿಲ್ಲಿಸಿ ಎರಡೂ ಚಕ್ರದ ನಡುಗುಂಬವನ್ನು (ಹಬ್) ಅಂಗೈಯಿಂದ ಮುಟ್ಟಿ. ಉಗುರುಬೆಚ್ಚಗಿದ್ದರೆ ಸರಿ. ಕೈ ಇಡಲಾಗದಿದ್ದರೆ, ಒಂದು ಬಿಸಿ ಒಂದು ತಣ್ಣಗೆ ಇದ್ದರೆ, ಮುಂದೆ ಹೋಗಬೇಡಿ. 50 ಕಿಲೋಮೀಟರಿಗೆ ಚಕ್ರದ ನಟ್ಟು ಮತ್ತೆ ಬಿಗಿಯಿರಿ. ಎರಡು ಪಥದ ರಸ್ತೆಯಲ್ಲಿ 40-50, ಹೆದ್ದಾರಿಯಲ್ಲಿ 60 ಸಾಕು. ಟೋಲ್‌ಗೇಟಿನಲ್ಲಿ ಯಂತ್ರ ಆಕ್ಸಲ್ ಎಣಿಸಿ ಮೂರು ಎಂದು ತಿಳಿದು ತಕರಾರು ತೆಗೆದೀತು, ಆರ್‌ಸಿಗಳನ್ನು ಕೈಗೆಟುಕುವಲ್ಲಿಡಿ.

ದೊಡ್ಡ ಬಸ್ಸು ಹಾದಾಗ ಟ್ರೇಲರ್ ಬಾಲ ಬೀಸತೊಡಗಿದರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಒತ್ತಬೇಡಿ. ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಡಿ, ತಾನಾಗಿ ಅಡಗುತ್ತದೆ. ಅಡಗಿದ ಮೇಲೆ ನಿಲ್ಲಿಸಿ, ಮುಂಭಾರ ಮತ್ತೆ ನೋಡಿ. ವೇಗ ಇಳಿಸಿದರೆ ನಿಂತಿತಲ್ಲ ಎಂದು ಸುಮ್ಮನಾದರೆ ಅದು ಮತ್ತೆ ಬೀಸಿಯೇ ಬೀಸುತ್ತದೆ.

ಘಟ್ಟದ ತಲೆಯಲ್ಲಿ ಹತ್ತು ನಿಮಿಷ ನಿಲ್ಲಿಸಿ. ಇಳಿತ ಶುರುವಾಗುವ ಮುಂಚೆಯೇ ಎರಡನೇ ಗೇರು; ಇಳಿಯುತ್ತಾ ಗೇರು ಹುಡುಕಬಾರದು. ತಳ್ಳುಬ್ರೇಕಿನ ಟ್ರೇಲರ್ ಇಳಿತದುದ್ದಕ್ಕೂ ತನ್ನ ಭಾರಕ್ಕೇ ಬ್ರೇಕು ಹಿಡಿದುಕೊಂಡಿರುತ್ತದೆ, ಅದರ ಡ್ರಮ್ಮು ನಿಮ್ಮದಕ್ಕಿಂತ ಬೇಗ ಕಾಯುತ್ತದೆ. ಆದ್ದರಿಂದ ಮಡಿಕೇರಿಯಿಂದ ಇಳಿಯುವವರು ಮದೆನಾಡು, ಜೋಡುಪಾಲ, ಕೊಯನಾಡುಗಳಲ್ಲಿ ಅಗಲ ಜಾಗ ನೋಡಿ ಕಾಲು ಗಂಟೆ ಆರಲು ಬಿಡಿ. ಸುಟ್ಟ ವಾಸನೆ ಬಂದರೆ ಅರ್ಧ ಗಂಟೆ. ಕಾದ ಡ್ರಮ್ಮಿಗೆ ನೀರು ಹೊಯ್ದರೆ ಸೀಳುತ್ತದೆ. ಹಿಂದೆ ಸಾಲು ಬೆಳೆದರೆ ಬದಿಗೆ ಸರಿದು ದಾರಿ ಬಿಡಿ, ಹಾರ್ನಿಗೆ ಹೆದರಿ ವೇಗ ಹೆಚ್ಚಿಸಬೇಡಿ. ಎಡತಿರುವಿನಲ್ಲಿ ಟ್ರೇಲರಿನ ಚಕ್ರ ಒಳಗಿನಿಂದ ಹಾಯುತ್ತದೆ, ಮೋರಿಯ ಕಟ್ಟೆ ತಪ್ಪಿಸಲು ತುಸು ಅಗಲಕ್ಕೆ ಹೋಗಿ ತಿರುಗಿ.

ಕೊನೆಯ ಅರ್ಧ ಕಿಲೋಮೀಟರ್

ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಸುಸೂತ್ರವಾಗಿ ಬಂದ ಟ್ರೇಲರು ಮನೆಯ ಓಣಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೊರಡುವ ಮುಂಚೆಯೇ ಟೇಪು ಹಿಡಿದು ಕೆಂಪುಕಲ್ಲಿನ ಎರಡು ಗೋಡೆಗಳ ನಡುವಿನ ಅಗಲ, ಗೇಟಿನ ಅಗಲ, ಅಡ್ಡ ಹಾದ ಕರೆಂಟಿನ ತಂತಿ, ಬಾಗಿದ ತೆಂಗಿನ ಸೋಗೆ ಅಳೆದಿಡಿ. ತೋಟದ ಸಂಕ ಜೀಪು ತಡೆದೀತು ಎಂದಮಾತ್ರಕ್ಕೆ ಎರಡನ್ನೂ ಒಟ್ಟಿಗೆ ತಡೆಯುತ್ತದೆ ಎಂದಿಲ್ಲ.

ರಿವರ್ಸ್ ಹೋಗುವಾಗ ಸ್ಟೇರಿಂಗಿನ ಕೆಳಭಾಗ ಹಿಡಿಯಿರಿ: ಕೈ ಯಾವ ಕಡೆಗೆ ಹೋಗುತ್ತದೋ ಟ್ರೇಲರಿನ ಹಿಂಭಾಗ ಆ ಕಡೆಗೆ. ಸಣ್ಣ ಸಣ್ಣ ತಿರುಗಿಸುವಿಕೆ. ಮಡಚತೊಡಗಿದರೆ ಸರಿಮಾಡಲು ಹೋಗದೆ ಮುಂದಕ್ಕೆಳೆದು ನೇರ ಮಾಡಿ. ಓಣಿ ತೀರ ಇಕ್ಕಟ್ಟಾದರೆ ಕಳಚಿ, ನಾಲ್ಕು ಮಂದಿ ಸೇರಿ ತಳ್ಳುವುದೇ ಬೇಗ. ಬೇರೆ ಒಬ್ಬರು ಹ್ಯಾಂಡ್‌ಬ್ರೇಕಿನ ಮೇಲೆ ಕೈ ಇಟ್ಟೇ ಇರಲಿ, ಮತ್ತಿಬ್ಬರು ಬೆಣೆ ಹಿಡಿದಿರಲಿ. ಅಂಗಳದ ಇಳಿಜಾರಿನಲ್ಲಿ ಬೆಣೆಗೆ ಕೆಂಪುಕಲ್ಲಿನ ತುಂಡು ಇಡಬೇಡಿ, ಒದ್ದೆಯಾದರೆ ಪುಡಿಯಾಗುತ್ತದೆ. ಮರದ್ದೇ ಆಗಬೇಕು.

ನಿಲ್ಲಿಸುವ ಜಾಗ ತೆಂಗಿನ ಅಡಿಯಲ್ಲಿ ಬೇಡ, ಹಲಸಿನ ಅಡಿಯಲ್ಲಂತೂ ಬೇಡವೇ ಬೇಡ. ಆಕ್ಸಲಿನ ಅಡಿಗೆ ಕಾಂಕ್ರೀಟ್ ಕಟ್ಟೆ ಕೊಟ್ಟು ಟೈರಿನ ಭಾರ ಇಳಿಸಿ. ಕಟ್ಟೆಯ ಸುತ್ತ ಗೆದ್ದಲಿನ ಮದ್ದು ಹಾಕಿ. ಟಾರ್ಪಾಲನ್ನು ಮೈಗೆ ಹೊದಿಸಿದರೆ ಒಳಗೆ ಬೆವರು ನಿಂತು ಮರ ಇನ್ನಷ್ಟು ಕೊಳೆಯುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ನಾಡಿದು. ಜಿಐ ಪೈಪು ನೆಟ್ಟು ತಗಡಿನ ಮಾಡು ಹಾಕಿ, ಟ್ರೇಲರಿನ ನೆತ್ತಿಗೂ ಮಾಡಿಗೂ ನಡುವೆ ಎರಡಡಿ ಗಾಳಿ ಆಡಲಿ, ಪಶ್ಚಿಮದ ಬದಿಗೆ ಎರಚಲು ತಡೆಯಲು ಒಂದು ಅಡಕೆ ಸೋಗೆಯ ತಟ್ಟಿ ಕಟ್ಟಿ. ಪತ್ತನಾಜೆಗೆ (ಮಳೆಗಾಲದ ಹೊಸ್ತಿಲಲ್ಲಿ, ಮೇ ಕೊನೆಗೆ ಬರುವ ತುಳುನಾಡಿನ ದಿನ) ಮುಂಚೆ ಇಷ್ಟಾದರೆ ಮರದ ಕೆಲಸವನ್ನು ಮಳೆಗಾಲದಲ್ಲಿ ಒಳಗೆ ಕೂತೇ ಮಾಡಬಹುದು.